ಠಾಣೆಯ ಹೊಸ್ತಿಲು ಮತ್ತು ನಮ್ಮ ಯುವಜನರು



ಅನ್ಯಾಯಕ್ಕೊಳಗಾದ ಮನುಷ್ಯನಿಗೆ ರಾಜ್ಯವು ತೆರೆದಿಟ್ಟಿರುವ ಮೊದಲ ಬಾಗಿಲು ಪೊಲೀಸ್ ಠಾಣೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಯುವಕ ಯುವತಿಯರಲ್ಲಿ ಯಾರನ್ನಾದರೂ ಕೇಳಿ ನೋಡೋಣ: ಬೈಕು ಕಳವಾದರೆ, ಯಾರಾದರೂ ಬೆದರಿಸಿದರೆ, ತಂಗಿಯನ್ನು ದಾರಿಯಲ್ಲಿ ಪೀಡಿಸಿದರೆ ನೀವು ಒಬ್ಬರೇ ಠಾಣೆಗೆ ಹೋಗಿ ದೂರು ಕೊಡುವಿರಾ? ಹೆಚ್ಚಿನವರ ಉತ್ತರ ಒಂದೇ. ಪರಿಚಯದವರು ಯಾರಾದರೂ ಜೊತೆಗಿದ್ದರೆ ಹೋಗುತ್ತೇವೆ, ಇಲ್ಲವಾದರೆ ಸುಮ್ಮನಿರುವುದೇ ಲೇಸು ಎನ್ನುತ್ತಾರೆ. ನ್ಯಾಯದ ಬಾಗಿಲನ್ನು ದಾಟಲು ಮಧ್ಯಸ್ಥನೊಬ್ಬ ಬೇಕೆಂದು ಇಪ್ಪತ್ತರ ಹರೆಯದಲ್ಲಿಯೇ ನಿಶ್ಚಯಿಸಿಕೊಂಡವರು ಮುಂದೆ ಎಂತಹ ನಾಗರಿಕರಾಗುವರು? ಈ ಪ್ರಶ್ನೆ ನಮ್ಮನ್ನು ಕಾಡಬೇಕಾಗಿದೆ.

ಪೊಲೀಸರಿಗೂ ಯುವಜನರಿಗೂ ನಡುವೆ ಇರುವ ಈ ಅವಿಶ್ವಾಸವು ಉಪದೇಶದಿಂದ ಹೋಗುವಂಥದ್ದಲ್ಲ. ಸಂವಾದದಿಂದ ಹೋಗಬಹುದು. ಆದರೆ ಆ ಸಂವಾದವು ಗಲಭೆಯ ಮರುದಿನ ಏರ್ಪಡಿಸುವ ಶಾಂತಿಸಭೆಯಾಗಿರದೆ, ಏನೂ ನಡೆಯದ ಸಾಧಾರಣ ದಿನಗಳಲ್ಲಿ ನಡೆಯುವ ಮಾತುಕತೆಯಾಗಿರಬೇಕು. ಅಲ್ಲಿ ಪ್ರಶ್ನೆ ಕೇಳಲು ಸ್ವಾತಂತ್ರ್ಯವಿರಬೇಕು. ಕೇಳಿದ ಪ್ರಶ್ನೆಗೆ ಉತ್ತರ ಬರಬೇಕು. ಇಷ್ಟೇ ನಮ್ಮ ವಾದ. ಇದನ್ನು ಸಮರ್ಥಿಸಲು ನಾವು ದೂರ ಹೋಗಬೇಕಿಲ್ಲ, ನಮ್ಮ ನೆಲವೇ ಸಾಕ್ಷಿ ನುಡಿಯುತ್ತದೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ಅರಿಯದವರು ಯಾರು? 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ವಿಷಯದಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆಯಾಯಿತು. ಜನರ ನೆನಪಿನಲ್ಲಿ ಉಳಿದಿರುವ ಸಂಖ್ಯೆ 32. ಆ ಸ್ಥಳವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ರೂಢಿ. ಆದರೆ ಅದರ ಮುಂದಿನ ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಗುಂಡಿನ ಸದ್ದು ಅಡಗಿದ ಮರುತಿಂಗಳಲ್ಲೇ ಸರ್ದಾರ್ ವಲ್ಲಭಭಾಯಿ ಪಟೇಲರು ಬೆಂಗಳೂರಿಗೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಯಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಯಾವ ಧ್ವಜಕ್ಕಾಗಿ ಅಷ್ಟು ಜನ ಪ್ರಾಣ ತೆತ್ತರೋ ಆ ಧ್ವಜದ ವಿವಾದ ಕೆಲವೇ ದಿನಗಳ ಮಾತಿನಿಂದ ಬಗೆಹರಿಯಿತು. ಆ ಮಾತು ಏಪ್ರಿಲ್ 25ಕ್ಕೆ ಮುಂಚೆಯೇ ನಡೆದಿದ್ದರೆ? ಈ ಪ್ರಶ್ನೆಯನ್ನು ಕೇಳದೆ ಹುತಾತ್ಮರ ಸ್ಮಾರಕಕ್ಕೆ ಹೂವಿಟ್ಟು ಬರುವುದರಲ್ಲಿ ಅರ್ಥವಿಲ್ಲ.

ಅದು ಪರಾಧೀನ ಕಾಲದ ಮಾತು, ಇಂದಿಗೆ ಸಲ್ಲದು ಎನ್ನುವವರಿದ್ದಾರೆ. ಅವರು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನು ನೆನೆಯಲಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರು ಸಜೀವವಾಗಿ ದಹಿಸಲ್ಪಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿಯಿತು. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದದ್ದು ಇದಕ್ಕೆ ಮುಖ್ಯ ಕಾರಣವಾಯಿತು. ಏಳು ಜೀವಗಳು ಬೆಂಕಿಗೆ ಆಹುತಿಯಾದವು, ಕೊಂದವರು ಯಾರೆಂಬುದು ಮಾತ್ರ ಕಾನೂನಿನ ಕಣ್ಣಿನಲ್ಲಿ ಸಾಬೀತಾಗಲಿಲ್ಲ. ಕಂಡದ್ದನ್ನು ಕಂಡಂತೆ ನುಡಿಯಲು ಮನುಷ್ಯನಿಗೆ ಧೈರ್ಯ ಬೇಕು. ನನ್ನನ್ನು ರಕ್ಷಿಸುವವರು ಇದ್ದಾರೆ ಎಂಬ ಭರವಸೆಯಿಂದ ಆ ಧೈರ್ಯ ಬರುತ್ತದೆ. ಅಂತಹ ಭರವಸೆಯು ನ್ಯಾಯಾಲಯದ ಕಟಕಟೆಯಲ್ಲಿ ಒಮ್ಮೆಲೇ ಹುಟ್ಟುವುದಿಲ್ಲ. ಅದಕ್ಕೆ ಎಷ್ಟೋ ವರ್ಷ ಮೊದಲೇ, ಬಡವನ ಮಗನೊಬ್ಬ ಠಾಣೆಗೆ ಹೋದಾಗ ಅವನನ್ನು ಹೇಗೆ ನಡೆಸಿಕೊಂಡರು ಎಂಬಲ್ಲಿ ಅದು ಹುಟ್ಟುತ್ತದೆ, ಇಲ್ಲವೇ ಸಾಯುತ್ತದೆ. ನಮ್ಮ ಜಿಲ್ಲೆಯ ಜನಸಂಖ್ಯೆಯ ಸುಮಾರು ಕಾಲುಭಾಗ ಪರಿಶಿಷ್ಟ ಜಾತಿಯವರೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ನಮ್ಮ ಸಮುದಾಯದ ನೋವೂ ಇದೆ. ಚಿಕ್ಕಬಳ್ಳಾಪುರದ ಸಮೀಪದ ಸೂಸೈಪಾಳ್ಯದ ಬೆಟ್ಟದ ಮೇಲೆ ಭಕ್ತಾದಿಗಳು ಪೂಜಿಸುತ್ತಿದ್ದ ಸಂತ ಜೋಸೆಫರ ಪ್ರತಿಮೆಯನ್ನೂ ಶಿಲುಬೆಗಳನ್ನೂ 2020ರ ಸೆಪ್ಟೆಂಬರಿನಲ್ಲಿ ಅಧಿಕಾರಿಗಳು ತೆರವುಗೊಳಿಸಿದರು. ಮರುವರ್ಷ, 2021ರ ಡಿಸೆಂಬರ್ 23ರಂದು, ಕ್ರಿಸ್ತಜಯಂತಿಗೆ ಎರಡೇ ದಿನವಿರುವಾಗ, ಅದೇ ಊರಿನ ಹಳೆಯ ಸಂತ ಜೋಸೆಫರ ದೇವಾಲಯದಲ್ಲಿ ಸಂತ ಅಂತೋಣಿಯವರ ಪ್ರತಿಮೆಗೆ ಕಿಡಿಗೇಡಿಗಳು ಹಾನಿ ಮಾಡಿದರು. ಇಂತಹ ಹೊತ್ತಿನಲ್ಲಿ ಹಿರಿಯರು ಪ್ರಾರ್ಥಿಸುತ್ತಾರೆ, ಯುವಕರು ಕುದಿಯುತ್ತಾರೆ. ಕುದಿಯುವ ಯುವಕನ ಕೈ ಕಲ್ಲಿನ ಕಡೆಗೆ ಹೋಗದೆ ಲೇಖನಿಯ ಕಡೆಗೆ ಹೋಗಬೇಕಾದರೆ, ತಾನು ಬರೆದುಕೊಡುವ ದೂರನ್ನು ಓದುವ ಅಧಿಕಾರಿಯೊಬ್ಬರಿದ್ದಾರೆಂಬ ನಂಬಿಕೆ ಅವನಿಗಿರಬೇಕು. ಆ ಅಧಿಕಾರಿಯ ಮುಖವನ್ನು ಅವನು ಅಂದೇ ಮೊದಲ ಬಾರಿಗೆ ನೋಡುವುದಾದರೆ ನಂಬಿಕೆ ಎಲ್ಲಿಂದ ಬರಬೇಕು?

ಹಾಗೆಂದು ದೋಷವನ್ನೆಲ್ಲ ಪೊಲೀಸರ ತಲೆಗೆ ಕಟ್ಟುವುದು ನ್ಯಾಯವಲ್ಲ. ಖಾಕಿ ಅಂಗಿಯೊಳಗಿರುವವನೂ ಒಬ್ಬ ರೈತನ ಅಥವಾ ಕೂಲಿಕಾರನ ಮಗನೇ. ಠಾಣೆಯ ಕಾನ್‌ಸ್ಟೆಬಲ್‌ಗಳಲ್ಲಿ ಎಷ್ಟೋ ಮಂದಿ ನಮ್ಮ ಯುವಕರಿಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೇ. ಹಬ್ಬ ಬಂದರೆ ಊರಿಗೆಲ್ಲ ರಜೆ, ಅವರಿಗೆ ಬಂದೋಬಸ್ತ್. 2016ರಲ್ಲಿ ನಮ್ಮ ರಾಜ್ಯದ ಪೊಲೀಸ್ ಸಿಬ್ಬಂದಿಯು ಸಂಬಳ, ರಜೆ, ಕೆಲಸದ ಅವಧಿಗಳ ಕುರಿತು ಅಸಮಾಧಾನಗೊಂಡು ಸಾಮೂಹಿಕ ರಜೆಯ ಕರೆ ಕೊಟ್ಟಾಗಲೇ ಅವರ ಬವಣೆ ನಾಡಿಗೆ ತಿಳಿದದ್ದು. ಅನಂತರ ಔರಾದಕರ್ ಸಮಿತಿಯು ವೇತನ ಪರಿಷ್ಕರಣೆಗೆ ಶಿಫಾರಸು ಮಾಡಿತು. ಮೇಲಧಿಕಾರಿಯ ಬೈಗುಳವನ್ನು ಮೌನವಾಗಿ ನುಂಗಿದವನು ಕೆಳಗಿನವನ ಮೇಲೆ ಅದನ್ನು ಕಕ್ಕುವುದು ಮನುಷ್ಯಸಹಜ. ಅದನ್ನು ನಾವು ಸಮರ್ಥಿಸಬೇಕಿಲ್ಲ, ಅರ್ಥಮಾಡಿಕೊಂಡರೆ ಸಾಕು. ಪೊಲೀಸರ ಕಷ್ಟವನ್ನು ಯುವಜನರು ಅವರ ಬಾಯಿಂದಲೇ ಕೇಳುವುದು ಸಂವಾದದ ಅರ್ಧಭಾಗ.

ಇನ್ನರ್ಧ ಭಾಗವು ಯುವಜನರ ದೂರುಗಳನ್ನು ಪೊಲೀಸರು ಕೇಳಿಸಿಕೊಳ್ಳುವುದು. ಇವುಗಳಲ್ಲಿ ಮೊದಲನೆಯದು ತೀರ ಚಿಕ್ಕದೆಂದು ತೋರಬಹುದು. ಅದು ಏಕವಚನದ ದೂರು. ಕನ್ನಡದಲ್ಲಿ ‘ನೀವು’ ಎಂಬ ಒಂದು ಪದಕ್ಕೆ ಎಷ್ಟು ಗೌರವವಿದೆಯೋ ‘ಏನೋ, ಬಾರೋ’ ಎಂಬುದರಲ್ಲಿ ಅಷ್ಟೇ ತಿರಸ್ಕಾರವಿದೆ. ಕಾಲೇಜಿಗೆ ಹೋಗುವ ಹುಡುಗನನ್ನು, ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ದುಡಿದು ರಾತ್ರಿ ಮನೆಗೆ ಮರಳುವ ಯುವಕನನ್ನು ರಸ್ತೆಯಲ್ಲಿ ನಿಲ್ಲಿಸಿ ಕಾಗದಪತ್ರ ಕೇಳುವುದು ಪೊಲೀಸರ ಕರ್ತವ್ಯ. ಏಕವಚನದಲ್ಲಿ ಗದರಿಸುವುದು ಕರ್ತವ್ಯವಲ್ಲ. ಅತ್ತ ಯುವಕರೂ ಪೊಲೀಸರನ್ನು ಬೆನ್ನ ಹಿಂದೆ ‘ಮಾಮ’ ಎಂದು ಹಂಗಿಸುತ್ತಾರೆ. ಹೆಲ್ಮೆಟ್ ಇಲ್ಲದೆ ಮೂವರು ಒಂದೇ ಬೈಕಿನಲ್ಲಿ ಹೋಗಿ, ತಡೆದವರನ್ನೇ ದೂರುತ್ತಾರೆ. ಸತ್ಯಾಸತ್ಯ ಪರಿಶೀಲಿಸದೆ ಮೊಬೈಲಿನಲ್ಲಿ ಬಂದ ವದಂತಿಯನ್ನು ನೂರು ಜನರಿಗೆ ಹಂಚುತ್ತಾರೆ. ಪರಸ್ಪರ ಗೌರವದ ಮಾತನ್ನು ಯಾರು ಮೊದಲು ಆರಂಭಿಸಬೇಕು ಎಂದು ಕೇಳಿದರೆ, ಅಧಿಕಾರ ಯಾರ ಕೈಯಲ್ಲಿದೆಯೋ ಅವರು ಎಂಬುದೇ ನಮ್ಮ ಉತ್ತರ. ಅಧಿಕಾರವುಳ್ಳವನು ಒಂದು ಮೆಟ್ಟಿಲು ಇಳಿದರೆ ಅವನ ಘನತೆಗೆ ಕುಂದಿಲ್ಲ.

ಶುಭಸಂದೇಶವು ನಮಗೆ ಕಲಿಸುವುದೂ ಇದನ್ನೇ. ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ನಾವು ಹೇಳುವ ಪ್ರಾರ್ಥನೆ ಯಾರ ಮಾತಿನಿಂದ ಬಂದದ್ದು? ಕಫೆರ್ನೌಮಿನ ಶತಾಧಿಪತಿಯೊಬ್ಬನಿಂದ, ಅಂದರೆ ಜನರು ಹೆದರುತ್ತಿದ್ದ ರೋಮನ್ ಆಡಳಿತದ ಅಧಿಕಾರಿಯೊಬ್ಬನಿಂದ. ತನ್ನ ಸೇವಕನ ಜೀವಕ್ಕಾಗಿ ಬೇಡಿಕೊಳ್ಳಲು ಬಂದ ಅವನ ವಿಶ್ವಾಸವನ್ನು ಪ್ರಭು ಯೇಸು ಎಲ್ಲರೆದುರು ಕೊಂಡಾಡಿದರು. ಸ್ನಾನಿಕ ಯೊವಾನ್ನರ ಬಳಿಗೆ ಸಿಪಾಯಿಗಳು ಬಂದು ತಾವೇನು ಮಾಡಬೇಕೆಂದು ಕೇಳಿದಾಗ ಆತನು ಅವರನ್ನು ಹುದ್ದೆ ಬಿಡಲು ಹೇಳಲಿಲ್ಲ. ಯಾರನ್ನೂ ಬೆದರಿಸಿ ಹಣ ಕೀಳಬೇಡಿರಿ, ಸುಳ್ಳು ಆರೋಪ ಹೊರಿಸಬೇಡಿರಿ, ಸಂಬಳದಲ್ಲಿ ತೃಪ್ತರಾಗಿರಿ ಎಂಬ ಭಾವದ ಉತ್ತರ ಕೊಟ್ಟನು. ಕೈಸರೇಯದ ಅಧಿಕಾರಿ ಕೊರ್ನೇಲಿಯನ ಮನೆಯ ಹೊಸ್ತಿಲನ್ನು ಪ್ರೇಷಿತ ಪೇತ್ರನು ದಾಟಿದಾಗ ಬದಲಾದದ್ದು ಕೊರ್ನೇಲಿಯನೊಬ್ಬನೇ ಅಲ್ಲ, ಪೇತ್ರನ ಮನಸ್ಸೂ ಬದಲಾಯಿತು. ಸಂವಾದವೆಂದರೆ ಅದು. ಇಬ್ಬರೂ ಬಂದಂತೆಯೇ ಹಿಂದಿರುಗಿದರೆ ಅದು ಸಂವಾದವಾಗದು. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2020ರಲ್ಲಿ ಹೊರಡಿಸಿದ ‘ಫ್ರಾತೆಲ್ಲಿ ತೂತ್ತಿ’ ಎಂಬ ವಿಶ್ವಪತ್ರದಲ್ಲಿ ಒಂದು ಅಧ್ಯಾಯವನ್ನೇ ಸಂವಾದಕ್ಕೂ ಸಾಮಾಜಿಕ ಸ್ನೇಹಕ್ಕೂ ಮೀಸಲಿಟ್ಟಿದ್ದಾರೆಂಬುದು ಇಲ್ಲಿ ಸ್ಮರಣೀಯ.

ಯುವಜನರ ಪಾಲಕರಾದ ಸಂತ ಜಾನ್ ಬೋಸ್ಕೊ ಅವರ ಜೀವನದಲ್ಲಿ ಒಂದು ಪ್ರಸಂಗವನ್ನು ಅವರ ಚರಿತ್ರಕಾರರು ಹೇಳುತ್ತಾರೆ. ಇಟಲಿಯ ತೂರಿನ್ ನಗರದ ಬಾಲಾಪರಾಧಿಗಳ ಬಂದೀಖಾನೆಯಿಂದ 1855ರಲ್ಲಿ ಸುಮಾರು ಮುನ್ನೂರು ಹುಡುಗರನ್ನು ಅವರು ಒಂದು ದಿನದ ವಿಹಾರಕ್ಕೆ ಕರೆದೊಯ್ದರು. ಒಬ್ಬ ಕಾವಲುಗಾರನೂ ಜೊತೆಗಿರಲಿಲ್ಲ. ಸಂಜೆ ಎಣಿಸಿದಾಗ ಒಬ್ಬನೂ ತಪ್ಪಿಸಿಕೊಂಡಿರಲಿಲ್ಲವಂತೆ. ಅವರು ಆ ಹುಡುಗರನ್ನು ಒಂದೇ ದಿನದಲ್ಲಿ ಗೆದ್ದದ್ದಲ್ಲ. ಅದಕ್ಕೆ ಮೊದಲು ಎಷ್ಟೋ ದಿನ ಅವರ ಬಳಿ ಹೋಗಿ ಕುಳಿತು ಮಾತನಾಡಿದ್ದರು. ಆ ಸಂತರ ದಾರಿಯಲ್ಲಿಯೇ 1980ರಲ್ಲಿ ಆರಂಭವಾದ ಬೆಂಗಳೂರು ಓಣಿಯವರ ಸೇವಾ ಕೂಟವು ಬೀದಿಯ ಮಕ್ಕಳ ನಡುವೆ ದುಡಿಯುತ್ತ ಬಂದಿದೆ. ಬೀದಿಯ ಮಗುವಿನ ಪಾಲಿಗೆ ಪೊಲೀಸನು ಪ್ರತಿದಿನದ ವಾಸ್ತವ. ಆ ಮಗುವಿನ ಹಿತ ಬಯಸುವವರು ಠಾಣೆಯನ್ನು ಬಿಟ್ಟು ಕೆಲಸ ಮಾಡಲಾಗದು.

ಕಥೋಲಿಕರಾದ ನಾವು ಗಮನಿಸಬೇಕಾದ ಇನ್ನೊಂದು ನಿದರ್ಶನ ಉತ್ತರ ಐರ್ಲೆಂಡಿನದು. ಅಲ್ಲಿ ಪೊಲೀಸ್ ಪಡೆಯನ್ನು ಕಥೋಲಿಕ ಜನತೆ ದಶಕಗಳ ಕಾಲ ತನ್ನದೆಂದು ಭಾವಿಸಲೇ ಇಲ್ಲ. ಆ ಪಡೆಯಲ್ಲಿ ಕಥೋಲಿಕರು ಶೇಕಡಾ 8ರಷ್ಟು ಮಾತ್ರ ಇದ್ದರು. 1999ರಲ್ಲಿ ಪ್ಯಾಟನ್ ಆಯೋಗವು ವರದಿ ನೀಡಿತು. 2001ರ ನವೆಂಬರಿನಲ್ಲಿ ಹೊಸ ಹೆಸರಿನ ಪೊಲೀಸ್ ಸೇವೆ ಅಸ್ತಿತ್ವಕ್ಕೆ ಬಂದಿತು. ನೇಮಕಾತಿಯಲ್ಲಿ ಅರ್ಧಪಾಲು ಕಥೋಲಿಕರಿಗೆ ಮೀಸಲಾಯಿತು. ದೂರುಗಳನ್ನು ವಿಚಾರಿಸಲು ಪೊಲೀಸರಿಗೆ ಅಧೀನವಲ್ಲದ ಅಧಿಕಾರಿಯನ್ನು ನೇಮಿಸಲಾಯಿತು. ಸ್ಥಳೀಯ ಜನರು ಪೊಲೀಸರನ್ನು ಎದುರು ಕುಳ್ಳಿರಿಸಿಕೊಂಡು ಪ್ರಶ್ನಿಸುವ ಸಮಿತಿಗಳು ರಚಿತವಾದವು. ಹತ್ತು ವರ್ಷಗಳಲ್ಲಿ ಕಥೋಲಿಕರ ಪ್ರಮಾಣ ಶೇಕಡಾ 30ರ ಸಮೀಪಕ್ಕೆ ಏರಿತು. ಸಮಸ್ಯೆಗಳೆಲ್ಲ ಅಲ್ಲಿ ತೀರಿದವೆಂದು ನಾವು ಹೇಳುತ್ತಿಲ್ಲ. ಆದರೆ ಅಷ್ಟು ರಕ್ತ ಹರಿದ ನಾಡಿನಲ್ಲಿಯೂ ಮಾತು ಸಾಧ್ಯವಾಯಿತು, ಮತ್ತು ಆ ಮಾತಿಗೆ ಉತ್ತರದಾಯಿತ್ವದ ಬೆಂಬಲವಿದ್ದುದರಿಂದಲೇ ಅದು ನಿಂತಿತು ಎಂಬುದನ್ನು ಮರೆಯಬಾರದು. ಹೊಣೆಗಾರಿಕೆಯಿಲ್ಲದ ಸಂವಾದ ಚಹಾಕೂಟವಾಗಿ ಮುಗಿಯುತ್ತದೆ.

ನಮ್ಮ ರಾಜ್ಯದಲ್ಲಿ ಪ್ರಯತ್ನಗಳೇ ಆಗಿಲ್ಲವೆಂದಲ್ಲ. ಶಾಲಾ ಮಕ್ಕಳನ್ನು ಠಾಣೆಗೆ ಕರೆದು ಅಲ್ಲಿನ ಕೆಲಸವನ್ನು ಪರಿಚಯಿಸುವ ‘ತೆರೆದ ಮನೆ’ ಕಾರ್ಯಕ್ರಮವನ್ನು ನಮ್ಮ ಪೊಲೀಸ್ ಇಲಾಖೆ ರೂಪಿಸಿತು. 2017ರಲ್ಲಿ ಬಂದ ಹೊಸ ಬೀಟ್ ವ್ಯವಸ್ಥೆಯು ಒಂದೊಂದು ಪ್ರದೇಶದ ಹೊಣೆಯನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿತು. 2010ರಲ್ಲಿ ಕೇರಳದಲ್ಲಿ ಆರಂಭವಾದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆಯು 2018ರಲ್ಲಿ ರಾಷ್ಟ್ರವ್ಯಾಪಿಯಾಯಿತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ದೊರೆಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಇವುಗಳಲ್ಲಿ ಹೆಚ್ಚಿನವು ಶಾಲೆಯ ಮಕ್ಕಳನ್ನೋ ಮನೆಯ ಹಿರಿಯರನ್ನೋ ತಲಪುತ್ತವೆ. ಶಾಲೆ ಬಿಟ್ಟವನು, ಬೆಳಗಿನ ರೈಲಿನಲ್ಲಿ ಗೌರಿಬಿದನೂರಿನಿಂದ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವನು, ಚಿಂತಾಮಣಿಯ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಸುತ್ತ ಕೆಲಸ ಹುಡುಕುವವನು ಈ ಯಾವ ಬಲೆಗೂ ಸಿಕ್ಕುವುದಿಲ್ಲ. ಪೊಲೀಸರೊಡನೆ ಹೆಚ್ಚಾಗಿ ಮುಖಾಮುಖಿಯಾಗುವವನು ಮಾತ್ರ ಅವನೇ.

ಆದುದರಿಂದ ಈ ನಾಲ್ಕೂ ಊರುಗಳ ಧರ್ಮಕೇಂದ್ರಗಳ ಮುಂದೆ ನಾವೊಂದು ಸಲಹೆಯನ್ನಿಡುತ್ತೇವೆ. ಮೂರು ತಿಂಗಳಿಗೊಮ್ಮೆ ದೇವಾಲಯದ ಸಭಾಂಗಣದಲ್ಲೋ ನಮ್ಮ ಶಾಲೆಯ ಕೊಠಡಿಯಲ್ಲೋ ಯುವಜನರ ಮತ್ತು ಸ್ಥಳೀಯ ಪೊಲೀಸರ ಮಾತುಕತೆಯೊಂದನ್ನು ಏರ್ಪಡಿಸಲಿ. ಹಾರ, ಶಾಲು, ದೀಪ ಬೆಳಗುವಿಕೆ ಬೇಡ. ವೇದಿಕೆಯೂ ಬೇಡ; ಎಲ್ಲರೂ ವೃತ್ತಾಕಾರವಾಗಿ ಒಂದೇ ಎತ್ತರದ ಆಸನಗಳಲ್ಲಿ ಕುಳಿತುಕೊಳ್ಳಲಿ. ಅಧಿಕಾರಿಗಳೊಡನೆ ಬೀಟಿನ ಕಾನ್‌ಸ್ಟೆಬಲ್‌ಗಳೂ ಮಹಿಳಾ ಸಿಬ್ಬಂದಿಯೂ ಬರಲಿ. ಏಕೆಂದರೆ ಯುವಕರು ದಿನವೂ ಎದುರಾಗುವುದು ಅವರನ್ನು. ನಮ್ಮ ಮಕ್ಕಳನ್ನಷ್ಟೇ ಕರೆದರೆ ಸಾಲದು. ಜಿಲ್ಲೆಯ ಜನಸಂಖ್ಯೆಯಲ್ಲಿ ನಾವು ಬೆರಳೆಣಿಕೆಯವರು. ಹಿಂದೂ, ಮುಸ್ಲಿಂ, ದಲಿತ ಕುಟುಂಬಗಳ ಯುವಕ ಯುವತಿಯರೂ ಸಮಾನವಾಗಿ ಕುಳಿತಾಗಲೇ ಅದು ಊರಿನ ಸಂವಾದವಾಗುವುದು. ಬಾಯಿಬಿಟ್ಟು ಕೇಳಲು ಅಂಜುವವರಿಗಾಗಿ ಹೆಸರಿಲ್ಲದ ಚೀಟಿಗಳ ಪೆಟ್ಟಿಗೆಯಿರಲಿ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವವರು ತಮಗೆ ಒಗ್ಗಿದ ಭಾಷೆಯಲ್ಲಿಯೇ ಕೇಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಸಭೆಯೂ ಹಿಂದಿನ ಸಭೆಯ ಪ್ರಶ್ನೆಗಳಿಗೆ ಏನಾಯಿತು ಎಂಬ ವರದಿಯಿಂದಲೇ ಆರಂಭವಾಗಲಿ. ಬಸ್ ನಿಲ್ದಾಣದ ಬಳಿ ದೀಪವಿಲ್ಲವೆಂದು ಹುಡುಗಿಯೊಬ್ಬಳು ಹೇಳಿದ್ದರೆ, ಅಲ್ಲಿ ಗಸ್ತು ಹೆಚ್ಚಿತೇ ಇಲ್ಲವೇ ಎಂದು ತಿಳಿಸಬೇಕು. ಆಗದಿದ್ದರೆ ಏಕೆ ಆಗಲಿಲ್ಲವೆಂದಾದರೂ ತಿಳಿಸಬೇಕು. ವಿಶ್ವಾಸವು ಈ ಸಣ್ಣ ಲೆಕ್ಕಗಳಿಂದಲೇ ಕಟ್ಟಲ್ಪಡುತ್ತದೆ.

ಈ ಸಭೆಗಳು ಕಾನೂನಿನ ಪಾಠಶಾಲೆಯೂ ಆಗಬಲ್ಲವು. ಹದಿನೆಂಟು ವರ್ಷ ತುಂಬದವರನ್ನು ಠಾಣೆಯ ಲಾಕಪ್ಪಿನಲ್ಲಿ ಇಡಬಾರದು, ಅವರಿಗೆ ಕೈಕೋಳ ತೊಡಿಸಬಾರದು; ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣಕ್ಕೆಂದು ನಿಯೋಜಿತರಾದ ಪೊಲೀಸ್ ಅಧಿಕಾರಿಯೊಬ್ಬರು ಇರಬೇಕು. ಇದು 2015ರ ಬಾಲನ್ಯಾಯ ಕಾಯಿದೆ ಮತ್ತು ಅದರ ನಿಯಮಗಳ ಕಟ್ಟಳೆ. ಬಂಧಿಸುವಾಗ ದಾಖಲೆ ಬರೆದು ಸಾಕ್ಷಿಯ ಸಹಿ ಪಡೆಯಬೇಕು, ಬಂಧನದ ವಿಷಯವನ್ನು ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1996ರ ಡಿ.ಕೆ. ಬಸು ಪ್ರಕರಣದಲ್ಲಿ ಆದೇಶಿಸಿತು. ಠಾಣೆಗಳಲ್ಲಿ ಕ್ಯಾಮರಾ ಅಳವಡಿಸಬೇಕೆಂದು 2020ರಲ್ಲಿ ಅದೇ ನ್ಯಾಯಾಲಯ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಗಂಭೀರ ಅಪರಾಧದ ದೂರನ್ನು ಬೇರೊಂದು ಠಾಣೆಯಲ್ಲೂ ದಾಖಲಿಸಬಹುದು. ದೂರುದಾರನಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇವನ್ನು ವಕೀಲರ ಬಾಯಿಂದ ಕೇಳುವುದು ಒಂದು ಬಗೆ. ತಮ್ಮೂರಿನ ಸಬ್ ಇನ್‌ಸ್ಪೆಕ್ಟರರೇ ಎದ್ದು ನಿಂತು, ಇವು ನಿಮ್ಮ ಹಕ್ಕುಗಳು, ಇವನ್ನು ನಾವು ಪಾಲಿಸುತ್ತೇವೆ ಎಂದು ಹೇಳುವುದನ್ನು ಕೇಳುವುದು ಬೇರೆಯೇ ಬಗೆ. ಹಾಗೆ ಎಲ್ಲರೆದುರು ಹೇಳಿದವರಿಗೆ ಮರುದಿನ ಠಾಣೆಯಲ್ಲಿ ಅದನ್ನು ಮೀರುವುದು ಸುಲಭವಲ್ಲ.

ಕೆಲವು ತಂದೆತಾಯಂದಿರ ಅಂಜಿಕೆಯನ್ನು ನಾವು ಬಲ್ಲೆವು. ಪೊಲೀಸರಿಗೆ ನಮ್ಮ ಹುಡುಗನ ಮುಖ ಪರಿಚಯವಾದರೆ ನಾಳೆ ಏನಾದರೂ ನಡೆದಾಗ ಅವನನ್ನೇ ಮೊದಲು ಕರೆದಾರು. ಸರ್ಕಾರಿ ಕೆಲಸದ, ಪಾಸ್‌ಪೋರ್ಟಿನ ಪರಿಶೀಲನೆಗೆ ತೊಡಕಾದೀತು ಎಂದು ಅವರು ಹೆದರುತ್ತಾರೆ. ಈ ಭಯ ನಿರಾಧಾರವೆಂದು ತಳ್ಳಿಹಾಕಲಾಗದು. ಆದ್ದರಿಂದಲೇ ಇದು ಸುದ್ದಿ ಸಂಗ್ರಹಿಸುವ ಸಭೆಯಲ್ಲವೆಂದು, ಇಲ್ಲಿ ಕೇಳಿದ ಪ್ರಶ್ನೆಯ ಕಾರಣಕ್ಕೆ ಯಾರನ್ನೂ ಗುರುತಿಟ್ಟುಕೊಳ್ಳಬಾರದೆಂದು ಮೊದಲ ದಿನವೇ ಪೊಲೀಸ್ ಅಧಿಕಾರಿಗಳಿಂದ ಸ್ಪಷ್ಟ ಮಾತು ಪಡೆಯಬೇಕು. ಆ ಮಾತು ಮುರಿದರೆ ಸಭೆಯನ್ನು ನಿಲ್ಲಿಸುವ ಧೈರ್ಯವೂ ಏರ್ಪಡಿಸಿದವರಿಗಿರಬೇಕು. ಮತ್ತೊಂದು ಆಕ್ಷೇಪವೂ ಕೇಳಿಬರುತ್ತದೆ: ನ್ಯಾಯ ಸಿಗದವರ ಮುಂದೆ ಸಂವಾದದ ಮಾತನಾಡುವುದು ಗಾಯಕ್ಕೆ ಹೂವಿಟ್ಟಂತಲ್ಲವೇ? ಹೌದು, ತಪ್ಪು ಮಾಡಿದ ಅಧಿಕಾರಿಯ ಮೇಲೆ ದೂರು ಕೊಡಬೇಕಾದಲ್ಲಿ ಕೊಡಲೇಬೇಕು. ಪೊಲೀಸರ ವಿರುದ್ಧದ ದೂರುಗಳಿಗೆಂದು ರಾಜ್ಯ ಹಾಗೂ ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರಗಳಿರಬೇಕೆಂದು 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು ಅದಕ್ಕಾಗಿಯೇ. ಸಂವಾದವು ದೂರಿಗೆ ಬದಲಿಯಲ್ಲ. ದೂರು ಕೊಡುವಷ್ಟು ನಿರ್ಭಯವಾಗಿ ಜನರು ಠಾಣೆಗೆ ಹೋಗುವಂತಾಗಲು ಅದೊಂದು ಹಾದಿ.

ಮನೆಗಳಲ್ಲಿ ಆಗಬೇಕಾದ ಕೆಲಸವೂ ಉಂಟು. ಊಟ ಮಾಡದ ಮಗುವಿಗೆ ಪೊಲೀಸ್ ಹಿಡಿದುಕೊಂಡು ಹೋಗುತ್ತಾನೆ ಎಂದು ಹೆದರಿಸುವ ಪದ್ಧತಿ ನಿಲ್ಲಲಿ. ಕಷ್ಟಕಾಲದಲ್ಲಿ 112ಕ್ಕೆ, ಮಕ್ಕಳ ವಿಷಯದಲ್ಲಿ 1098ಕ್ಕೆ ಕರೆ ಮಾಡಬಹುದೆಂದು ಪ್ರತಿಯೊಬ್ಬ ಮಗನಿಗೂ ಮಗಳಿಗೂ ತಿಳಿದಿರಲಿ. ಓದುವ ಮಕ್ಕಳಲ್ಲಿ ಕೆಲವರಾದರೂ ಪೊಲೀಸ್ ನೇಮಕಾತಿಯ ಪರೀಕ್ಷೆಗೆ ಕುಳಿತುಕೊಳ್ಳಲಿ; ಪ್ರಾಮಾಣಿಕವಾಗಿ ನಡೆಯುವ ಪೊಲೀಸನ ಕೆಲಸವೂ ಒಂದು ಪ್ರೇಷಿತ ಕಾರ್ಯವೇ. ನಮ್ಮ ಧರ್ಮಕೇಂದ್ರಗಳಲ್ಲಿ ಪೊಲೀಸ್ ಸೇವೆಯಲ್ಲಿರುವ ಕುಟುಂಬಗಳಿದ್ದರೆ, ಮೊದಲ ಸಭೆಯ ಆಮಂತ್ರಣವನ್ನು ಅವರ ಕೈಯಿಂದಲೇ ಠಾಣೆಗೆ ಕಳುಹಿಸುವುದು ಉಚಿತ.

ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲನನ್ನೂ ಸೀಲನನ್ನೂ ಕಾಯುತ್ತಿದ್ದ ಅಧಿಕಾರಿಯು ಆ ರಾತ್ರಿ ಅವರ ಗಾಯಗಳನ್ನು ತನ್ನ ಕೈಯಿಂದಲೇ ತೊಳೆದನೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅನಂತರ ಅವರನ್ನು ಮನೆಗೆ ಕರೆದೊಯ್ದು ಊಟ ಬಡಿಸಿದನು. ಕಾವಲುಗಾರ ಮತ್ತು ಕೈದಿ ಒಂದೇ ಪಂಕ್ತಿಯಲ್ಲಿ ಕುಳಿತ ಆ ರಾತ್ರಿಯನ್ನು ನಾವು ಪುರಾಣಕಥೆಯೆಂದು ಬಗೆಯದೆ ಮಾದರಿಯೆಂದು ಸ್ವೀಕರಿಸಬೇಕು. ವಿದುರಾಶ್ವತ್ಥದಲ್ಲಿ ತಡವಾಗಿ ಬಂದ ಮಾತು, ಕಂಬಾಲಪಲ್ಲಿಯಲ್ಲಿ ನಿಲ್ಲದೆ ಹೋದ ಸಾಕ್ಷಿ ಈ ನೆಲದ ಮಕ್ಕಳಿಗೆ ಮತ್ತೆ ಬಾರದಿರಲಿ. ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಧರ್ಮಗುರುಗಳನ್ನೂ ಯುವಜನ ಸಂಘಗಳ ಪದಾಧಿಕಾರಿಗಳನ್ನೂ ಕುಟುಂಬಗಳ ಹಿರಿಯರನ್ನೂ ನಾವು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ. ಊರು ಶಾಂತವಾಗಿರುವ ಈ ದಿನಗಳೇ ಅದಕ್ಕೆ ತಕ್ಕ ಸಮಯ.